ಎಷ್ಟು ವರ್ಷ ಹಳೇದು ಅನ್ನೋದಕ್ಕಿಂತ ಮೊದಲು, ಎಲ್ಲಿಟ್ಟಿದ್ದು ಅಂತ ಕೇಳಿ

ಮಂಗಳೂರಿನ ಬಂದರ್‌ನಲ್ಲಿ ಒಂದು ಚಾಹುಡಿ ಅಂಗಡಿಯ ಸ್ಟಾಕ್ ನೋಡಿಕೊಳ್ಳೋದು ನನ್ನ ಕೆಲಸ. ಈಗೀಗ ವೈಟ್ ಟೀ ಕೇಳಿಕೊಂಡು ಬರುವವರಿದ್ದಾರೆ. "ಹಳೇದು ಉಂಟಾ ಮಾರಾಯ್ರೇ, ಎಷ್ಟು ವರ್ಷದ್ದು?" ಒಂದು ವರ್ಷಕ್ಕೆ ಚಾ, ಮೂರಕ್ಕೆ ಮದ್ದು, ಏಳಕ್ಕೆ ನಿಧಿ ಅಂತ ಚೀನಾದಲ್ಲಿ ಒಂದು ಮಾತಿದೆ, ಅದನ್ನು ಕೇಳಿಸಿಕೊಂಡು ಬಂದಿರುತ್ತಾರೆ. ಮದ್ದಿನ ವಿಷಯ ನಾನು ಮಾತಾಡಲ್ಲ. ರುಚಿ ಬದಲಾಗೋದು ಮಾತ್ರ ನಿಜ.

ಚೀನಾದ ಫುಜಿಯಾನ್ ಪ್ರಾಂತ್ಯದ ಫುಡಿಂಗ್ ಕಡೆ ವೈಟ್ ಟೀ ಎಲೆಯನ್ನು ಬಾಡಿಸಿ ಒಣಗಿಸುತ್ತಾರೆ, ಅಷ್ಟೇ. ಗ್ರೀನ್ ಟೀ ಹಾಗೆ ಹುರಿಯೋದಿಲ್ಲ, ಬ್ಲ್ಯಾಕ್ ಟೀ ಹಾಗೆ ಹೊಸೆಯೋದೂ ಇಲ್ಲ. ಇಟ್ಟಲ್ಲೇ ಎಲೆ ನಿಧಾನಕ್ಕೆ ಬದಲಾಗುತ್ತಾ ಹೋಗುತ್ತದೆ. ಒಗರು ಕೊಡುವ ಕ್ಯಾಟೆಚಿನ್ ಕಮ್ಮಿಯಾಗುತ್ತದೆ, ಕಂದು ಬಣ್ಣದ ಥಿಯಾಬ್ರೌನಿನ್ ಜಾಸ್ತಿಯಾಗುತ್ತದೆ. ಚಾಕ್ಕೆ ಸವಿ ಕೊಡುವ ಥಿಯಾನಿನ್ ಕೂಡ ಇಳಿಯುತ್ತದೆ, ಅದರ ಒಂದು ಪಾಲು ಕ್ಯಾಟೆಚಿನ್ ಜೊತೆ ಕೂಡಿ ಹೊಸ ವಸ್ತುಗಳಾಗುತ್ತವೆ, ವರ್ಷ ಕಳೆದಂತೆ ಇವು ಏರುವುದರಿಂದ ಚಾದ ವಯಸ್ಸು ಅಂದಾಜು ಮಾಡಲು ಲ್ಯಾಬ್‌ಗಳಲ್ಲಿ ಇವನ್ನೇ ಅಳೆಯುತ್ತಾರೆ.

ಅಂಗಡಿಯಲ್ಲಿ ನಾವು ಎರಡು ಕಪ್ ಪಕ್ಕಪಕ್ಕ ಇಡುತ್ತೇವೆ. 3 ಗ್ರಾಂ ಎಲೆ, 150 ಎಂಎಲ್ ಕುದಿನೀರು, 5 ನಿಮಿಷ. ಬೈ ಮುದಾನ್ ಅನ್ನೋ ವೈಟ್ ಟೀ ಹೊಸದಾದರೆ ತಿಳಿ ಹಳದಿ, ಹೂವು ಮತ್ತು ಹಸಿ ಹುಲ್ಲಿನ ಪರಿಮಳ, ಕೊನೆಗೆ ನಾಲಿಗೆಗೆ ಸ್ವಲ್ಪ ಒಗರು. ಚೆನ್ನಾಗಿ ಇಟ್ಟ ಹಳೇದು ಜೇನಿನ ಬಣ್ಣ, ಗುಟುಕು ದಪ್ಪ, ಒಣ ಖರ್ಜೂರದ ವಾಸನೆ.

ಚೆನ್ನಾಗಿ ಇಟ್ಟದ್ದು. ನಮ್ಮೂರಲ್ಲಿ ಕಷ್ಟ ಅದೇ. ವೈಟ್ ಟೀ ತೇವಾಂಶ ಶೇ. 8.5 ದಾಟಬಾರದು ಅಂತ ಚೀನಾದ ಮಾನದಂಡ. ಜೋರು ಮಳೆಯ ಆಟಿ ತಿಂಗಳಲ್ಲಿ ಡಬ್ಬಿ ಮುಚ್ಚಳ ಸಡಿಲ ಇದ್ದರೆ ಹಪ್ಪಳ ರಾತ್ರಿ ಬೆಳಗಾಗೋದರೊಳಗೆ ಮೆತ್ತಗಾಗುತ್ತದೆ, ಚಾ ಎಲೆ ಬಿಡ್ತದಾ? ಮೇಲಿಂದ ಬಂದರ್‌ನ ಒಣಮೀನಿನ ವಾಸನೆ ಬೇರೆ, ಎಲೆ ಅದನ್ನೂ ಎಳೆದುಕೊಳ್ಳುತ್ತದೆ.

ಅದಕ್ಕೇ ಯಾರು ಹಳೇ ಮಾಲು ತಂದರೂ ನಾನು ಮೊದಲು ಒಂದು ದಂಟು ಮುರಿಯುತ್ತೇನೆ. ಟಕ್ ಅಂತ ಮುರಿಯಬೇಕು. ಬಗ್ಗಿದರೆ, ಇಲ್ಲಾ ಬೂಸ್ಟು ವಾಸನೆ ಬಂದರೆ, ಪ್ಯಾಕೆಟ್ ಮೇಲೆ ಯಾವ ವರ್ಷ ಬರೆದಿದ್ದರೂ ವಾಪಸ್. ನಮ್ಮ ಮಾಲು ಫಾಯಿಲ್ ಕವರ್, ಮೇಲೆ ಪ್ಲಾಸ್ಟಿಕ್, ಹೊರಗೆ ರಟ್ಟಿನ ಪೆಟ್ಟಿಗೆ. ಮಳೆಗಾಲದಲ್ಲಿ ಸುಮ್ನೆ ಬಿಚ್ಚಿ ನೋಡೋ ಹಾಗಿಲ್ಲ.

ಮನೆಯಲ್ಲಿ ಇಡೋ ಆಸೆ ಇದ್ದರೆ ಶೌ ಮೇ ಅನ್ನೋ ವೈಟ್ ಟೀ ತಗೊಳ್ಳಿ, ಬಲಿತ ಎಲೆ, ರೇಟೂ ಕಮ್ಮಿ. ಬರೀ ಮೊಗ್ಗಿನ ವೈಟ್ ಟೀ ಸಿಲ್ವರ್ ನೀಡಲ್‌ಗೆ ಅಷ್ಟು ದುಡ್ಡು ಕೊಡೋದು ಆ ಎಳೆ ಮೊಗ್ಗಿನ ಪರಿಮಳಕ್ಕೆ ಅಲ್ವಾ, ಅದನ್ನು ಬೇಗ ಕುಡಿದು ಮುಗಿಸಿ.