ಅದೇ ಕಥೆ ಎಷ್ಟು ಸಲ ಹೇಳ್ಕೋತೀರಿ?

ತಿಂಗಳ ಎರಡನೇ ಭಾನುವಾರ ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರುತ್ತೇವೆ. ನಾಲ್ವರೂ ಮಾಜಿ ಫೌಜಿಗಳು. ಬೆಳಗ್ಗೆ ಹತ್ತಕ್ಕೆ ಕೂತರೆ ಊಟದ ಹೊತ್ತು ಮೀರಿದರೂ ಏಳುವುದಿಲ್ಲ. ಜೋರು ದನಿ, ಜೋರು ನಗು, ನಡುನಡುವೆ ಜಗಳ. ನಾನು ರಿಟೈರ್ ಆಗಿ ಬಂದಾಗಿನಿಂದ ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿರುವ ನನ್ನ ಹೆಂಡತಿಯ ಪ್ರಶ್ನೆ ಒಂದೇ. "ಅಲ್ಲ ರೀ, ಅದೇ ಕಥೆನ ಎಷ್ಟು ಸಲ ಹೇಳ್ಕೋತೀರಿ?"

ಮಗಳೂ ಅದನ್ನೇ ಕೇಳುತ್ತಾಳೆ. ಮಹಡಿ ಮೇಲಿನ ಬಾಡಿಗೆಯವರು ಬಾಯಿ ಬಿಟ್ಟು ಕೇಳುವುದಿಲ್ಲ, ಮುಖದಲ್ಲಿ ಕೇಳುತ್ತಾರೆ. ನಾನು ಸೆಕ್ಯೂರಿಟಿ ಸೂಪರ್‌ವೈಸರ್ ಆಗಿರುವ ಅಪಾರ್ಟ್‌ಮೆಂಟಿನ ಹುಡುಗರದ್ದು ಸ್ವಲ್ಪ ಬೇರೆ ವರಸೆ. "ಅಂಕಲ್, ನೀವೆಲ್ಲ ಸೇರಿದ್ರೆ ಬರೀ ವಾರ್ ಬಗ್ಗೆನೇ ಮಾತಾಡ್ತೀರಾ?"

ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿಬಿಡುತ್ತೇನೆ.

ಮೊದಲು ಹುಡುಗರಿಗೆ. ಇಲ್ಲಪ್ಪಾ, ವಾರ್ ಬಗ್ಗೆ ಮಾತಾಡುವುದೇ ಕಡಿಮೆ. ನಾವು ಜಾಸ್ತಿ ಮಾತಾಡುವುದು ಊಟದ ಬಗ್ಗೆ. ಯಾವ ಯುನಿಟ್ಟಿನ ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ಅನ್ನ ಸರಿಯಾಗಿ ಬೆಂದಿರುತ್ತಿತ್ತು, ಯಾವ ಕುಕ್ ಸಾಂಬಾರ್ ಅಂತ ಹೇಳಿ ದಾಲ್‌ಗೆ ಹುಣಿಸೆಹಣ್ಣು ಹಾಕಿ ಕೊಡುತ್ತಿದ್ದ. ಅದು ಬಿಟ್ಟರೆ ರೈಲು. ರಜೆ ಸಿಕ್ಕಾಗ ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ಸೀಟಿಲ್ಲದೆ ಬಾಗಿಲ ಹತ್ತಿರ ಕಪ್ಪು ಟ್ರಂಕಿನ ಮೇಲೆ ಕೂತು ಬಂದಿದ್ದು. ಅದಾದ ಮೇಲೆ ಮೊಣಕಾಲು ನೋವು, ಪೆನ್ಷನ್, ಕ್ಯಾಂಟೀನಿನ ಕ್ಯೂ. ಸಿನಿಮಾದಲ್ಲಿ ತೋರಿಸುವ ಹಾಗೆ ಗುಂಡಿನ ಸದ್ದು ಕೇಳಿ ಬೆಚ್ಚಿ ಬೀಳುವವರು ನಮ್ಮಲ್ಲಿ ಯಾರೂ ಇಲ್ಲ. ಕುಕ್ಕರ್ ಸೀಟಿಗೆ ಬೆಚ್ಚಿ ಬೀಳುವವನು ಒಬ್ಬ ಇದ್ದಾನೆ, ಅವನು ಫೌಜಿಗೆ ಸೇರುವ ಮೊದಲೂ ಹಾಗೇ ಇದ್ದನಂತೆ.

ಇನ್ನು ಹೆಂಡತಿಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಆ ಕಥೆಯನ್ನೇ ಹೇಳಬೇಕು. ಅಂದರೆ ಇನ್ನೊಂದು ಸಲ.

ನಾನು 1988ರಲ್ಲಿ ಸೇರಿದ್ದು ಎಂಇಜಿಗೆ, ಮದ್ರಾಸ್ ಎಂಜಿನಿಯರ್ ಗ್ರೂಪ್. ಹಲಸೂರು ಕೆರೆ ಪಕ್ಕ ಇದೆಯಲ್ಲ, ಅದೇ. 1780ರಲ್ಲಿ ಶುರುವಾದ ಪಡೆ. ಅಲ್ಲಿಂದ ಹೊರಟ ಸಿಪಾಯಿಗೆ ಸ್ಯಾಪರ್ ಅನ್ನುತ್ತಾರೆ, ಸೈನ್ಯದಲ್ಲಿ ಉಳಿದವರೆಲ್ಲ ನಮ್ಮನ್ನು ಕರೆಯುವುದು 'ತಂಬಿ' ಅಂತ. ತಮಿಳರಿರಲಿ, ಕನ್ನಡದವರಿರಲಿ, ತೆಲುಗಿನವರಿರಲಿ, ಮಲಯಾಳಿಗಳಿರಲಿ, ಎಲ್ಲರೂ ತಂಬಿಗಳೇ. ನಮ್ಮ ಕೆಲಸ ಸೈನ್ಯಕ್ಕೆ ದಾರಿ ಮಾಡಿಕೊಡುವುದು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಮೈನ್ ಅಂದರೆ ನೆಲಬಾಂಬ್ ಹಾಕುವುದು, ಮೈನ್ ತೆಗೆಯುವುದು. ಕಾಂಪೌಂಡಿನ ಆಚೆ ಬಸ್ಸಿನ ಹಾರನ್ ಕೇಳಿಸುತ್ತಿತ್ತು, ಈಚೆ ನಾವು ಕಬ್ಬಿಣ ಹೊರುತ್ತಿದ್ದೆವು.

ಹೊರುತ್ತಿದ್ದ ಕಬ್ಬಿಣಕ್ಕೆ ಬೇಲಿ ಪ್ಯಾನೆಲ್ ಅಂತ ಹೆಸರು. ಹೊಲದ ಬೇಲಿಯಲ್ಲ, ಅದನ್ನು ಕಂಡುಹಿಡಿದ ಇಂಗ್ಲಿಷ್ ಎಂಜಿನಿಯರ್ ಡೊನಾಲ್ಡ್ ಬೇಲಿ. ಎರಡನೇ ಮಹಾಯುದ್ಧದ ಕಾಲದ್ದು. ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಐದು ಅಡಿ ಎತ್ತರ, ತೂಕ ಹೆಚ್ಚುಕಮ್ಮಿ 260 ಕಿಲೋ. ಆರು ಜನ ಹೊರಬೇಕು. ಒಬ್ಬನ ಪಾಲಿಗೆ 43 ಕಿಲೋ, ಒಂದು ಸಿಮೆಂಟ್ ಮೂಟೆಗಿಂತ ಕಡಿಮೆಯೇ. ಆದರೆ ಮೂಟೆಯನ್ನು ಸುಸ್ತಾದಾಗ ಇಳಿಸಬಹುದು. ಇದನ್ನು ಒಬ್ಬ ಇಳಿಸಿದರೆ ಉಳಿದ ಐವರ ಸೊಂಟ ಹೋಗುತ್ತದೆ. ಪ್ಯಾನೆಲ್‌ಗೆ ಪ್ಯಾನೆಲ್ ಜೋಡಿಸಿ, ತೂತಿಗೆ ತೂತು ಕೂರಿಸಿ, ಪಿನ್ ಹೊಡೆದು, ರೋಲರ್ ಮೇಲೆ ಆ ದಡಕ್ಕೆ ತಳ್ಳುತ್ತಾ ಹೋದರೆ ಸೇತುವೆ. ಕ್ರೇನ್ ಬೇಕಿಲ್ಲ. ಮೈಕೈ ಗಟ್ಟಿ ಇದ್ದರೆ ಸಾಕು.

ಟ್ರೇನಿಂಗಿನ ಮೊದಲ ದಿನವೇ ಉಸ್ತಾದ್ ಹೇಳಿದ ಮಾತು: ತೂತು ಸರಿಯಾಗಿ ಕೂತಿದೆಯಾ ಅಂತ ಬೆರಳು ಹಾಕಿ ನೋಡಬೇಡಿ. ದಿನಾ ಹೇಳುತ್ತಿದ್ದರು.

1993ರಲ್ಲಿ, ಅರುಣಾಚಲದ ಒಂದು ಹೊಳೆಯ ದಡದಲ್ಲಿ, ನಾನು ಬೆರಳು ಹಾಕಿ ನೋಡಿದೆ.

ಬಲಗೈ ತೋರುಬೆರಳು. ಮೇಲಿನ ಗೆಣ್ಣಿನವರೆಗೆ ಹೋಯಿತು. ನೋವು ತಕ್ಷಣ ಆಗಲಿಲ್ಲ. ಮೊದಲು ಕಂಡಿದ್ದು ಪ್ಯಾನೆಲ್ಲಿನ ಹಸಿರು ಬಣ್ಣದ ಮೇಲೆ ಕೆಂಪು, ಯಾರೋ ಎಲೆ ಅಡಿಕೆ ಉಗಿದಿದ್ದಾರೆ ಅಂದುಕೊಂಡೆ. ಈಗಲೂ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟಿಗೆ ಹೋದಾಗ ಕೌಂಟರಿನ ಹುಡುಗಿ "ಇಂಡೆಕ್ಸ್ ಫಿಂಗರ್ ಇಡಿ ಸಾರ್" ಅನ್ನುತ್ತಾಳೆ, ನಾನು ತೋರಿಸುತ್ತೇನೆ, ಅವಳು "ಅಯ್ಯೋ, ಬೇರೆದು ಇಡಿ" ಅನ್ನುತ್ತಾಳೆ. ಬದುಕಿದ್ದೇನೆ ಅನ್ನುವುದಕ್ಕೆ ಹೆಬ್ಬೆರಳೇ ಸಾಕ್ಷಿ.

ಇಷ್ಟೇ ಕಥೆ. ಆದರೆ ಪ್ರತಿ ತಿಂಗಳು ಜಗಳ ಆಗುವುದು ಅದಕ್ಕೆ ಒಂದು ಕ್ಷಣ ಮುಂಚೆ ಏನಾಯಿತು ಅನ್ನುವುದಕ್ಕೆ. ಪ್ಯಾನೆಲ್ ಅಲುಗಾಡಿಸಿದವರು ಯಾರು? ನನ್ನ ಪ್ರಕಾರ ಹುಕುಂ ಬರುವ ಮೊದಲೇ ಕೋಲಾರದವನು ಕೈ ಸಡಿಲ ಬಿಟ್ಟ. ಕೋಲಾರದವನ ಪ್ರಕಾರ ಅವನು ಎಡಗಡೆ ಇದ್ದನೇ ಹೊರತು ನನ್ನ ಬದಿಯಲ್ಲಿ ಇರಲೇ ಇಲ್ಲ. ಹಾಸನದವನು ಹೇಳುವುದು, ಯಾರೂ ಅಲುಗಾಡಿಸಲಿಲ್ಲ, ಕೆಳಗಿನ ಮರದ ದಿಮ್ಮಿ ಮಳೆಗೆ ನೆನೆದು ಜಾರಿತು ಅಂತ. ಗದಗದವನದ್ದು ಮಾತ್ರ ನೇರ ಮಾತು. "ಬೆಳ್ಳ ಹಾಕಬ್ಯಾಡ ಅಂದ್ರ ಹಾಕಿದಿ, ಮತ್ತ ಯಾರನ್ನ ಕೇಳ್ತಿ?"

ಅವತ್ತು ಹೊತ್ತವರು ಆರು ಜನ. ಐದನೆಯವನು ಕೇರಳದವನು, ಫೋನಿನಲ್ಲಿ ಸಿಗುತ್ತಾನೆ, ಅವನಿಗೆ ಏನೂ ನೆನಪಿಲ್ಲ, ಅಥವಾ ಇಲ್ಲ ಅನ್ನುತ್ತಾನೆ. ಆರನೆಯವನು ವೆಲ್ಲೂರಿನವನು. ಸರಿಯಾಗಿ ನನ್ನ ಎದುರಿಗೆ ನಿಂತಿದ್ದವನು ಅವನೇ. ನಾನು ಬೆರಳು ಹಾಕಿದ್ದನ್ನು, ಪ್ಯಾನೆಲ್ ಸರಿದಿದ್ದನ್ನು, ಎರಡನ್ನೂ ಅವನೊಬ್ಬನೇ ನೋಡಿರಬೇಕು. 2019ರಲ್ಲಿ ಹೃದಯಾಘಾತದಲ್ಲಿ ಹೋದ. ಅವನಿದ್ದಾಗ ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ ನೋಡಿ. ಆಗೆಲ್ಲ ನನಗೆ ನನ್ನ ಕಥೆಯೇ ಸರಿ ಅಂತ ಗ್ಯಾರಂಟಿ ಇತ್ತು.

ಹಾಗಾಗಿ ಅದೇ ಕಥೆ ಹೇಳುತ್ತೇವೆ ಅನ್ನುವುದು ಅರ್ಧ ಮಾತ್ರ ನಿಜ. ಪ್ರತಿ ಸಲ ಒಬ್ಬ ಏನಾದರೂ ಸಣ್ಣದು ಸೇರಿಸುತ್ತಾನೆ. ಹೋದ ವರ್ಷ ಹಾಸನದವನು ಇದ್ದಕ್ಕಿದ್ದಂತೆ "ಅವತ್ತು ನಿನ್ನ ಕೈಗೆ ಗ್ಲೌಸ್ ಇರಲಿಲ್ಲ, ನನ್ನದು ಹರಿದಿದೆ ಅಂತ ನೀನೇ ಬಿಚ್ಚಿ ಕೊಟ್ಟಿದ್ದೆ" ಅಂದ. ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ಬೆರಳಿನ ವಿಷಯ, ನನಗೇ ಗೊತ್ತಿಲ್ಲ! ಅವತ್ತು ಅವನು ಎರಡು ಇಡ್ಲಿ ಕಡಿಮೆ ತಿಂದ.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್ ಎರಡು ದಿನ ಮಲಗಲಿಲ್ಲ. ಚೂರಲ್‌ಮಲದಲ್ಲಿ ಬೇಲಿ ಬ್ರಿಜ್ ಕಟ್ಟಿದ್ದು ನಮ್ಮ ಎಂಇಜಿಯವರೇ, ಬೆಂಗಳೂರಿನಿಂದ ಹೋದವರು. 190 ಅಡಿ ಸೇತುವೆ, 24 ಟನ್ ತಡೆಯುವಂಥದ್ದು. ರಾತ್ರಿ ಹಗಲು ದುಡಿದು ಆಗಸ್ಟ್ 1ರ ಸಂಜೆಗೆ ಮುಗಿಸಿದರು. ಮೇಜರ್ ಸೀತಾ ಶೆಲ್ಕೆ ಸೇತುವೆ ಮೇಲೆ ನಿಂತಿದ್ದ ಫೋಟೋ ಎಲ್ಲರ ಮೊಬೈಲಿಗೂ ಬಂತು. ನಾನು ಟಿವಿ ಮುಂದೆ ಕೂತು ಹುಡುಗರ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಮಗಳು ಬಂದು ಪಕ್ಕದಲ್ಲಿ ಕೂತು, "ಅಪ್ಪಾ, ನೀವು ಮಾಡ್ತಿದ್ದಿದ್ದು ಇದೇನಾ?" ಅಂದಳು. ಇಪ್ಪತ್ತೆಂಟು ವರ್ಷದ ಮಗಳು, ಅಪ್ಪ ಏನು ಕೆಲಸ ಮಾಡುತ್ತಿದ್ದ ಅಂತ ಅವತ್ತು ನೋಡಿದಳು.

ಇನ್ನೊಂದು ಕಾರಣವೂ ಇದೆ. ಇದನ್ನು ಹೆಂಡತಿಗೆ ಹೇಳಿಲ್ಲ, ಇಲ್ಲಿ ಓದಿಕೊಳ್ಳಲಿ.

ಕಾರ್ಗಿಲ್ ಅಂದರೆ ಎಲ್ಲರಿಗೂ ಗೊತ್ತು. 1999, ಟೈಗರ್ ಹಿಲ್, ಜುಲೈ 26. ಆಪರೇಷನ್ ಪರಾಕ್ರಮ್ ಅಂತ ಹೇಳಿ ನೋಡಿ, ಅಪಾರ್ಟ್‌ಮೆಂಟಿನ ಹುಡುಗರಿಗಿರಲಿ, ಅವರ ಅಪ್ಪಂದಿರಿಗೂ ನೆನಪಿರುವುದಿಲ್ಲ. 2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆಯಿತು. ಆ ತಿಂಗಳೇ ಸೈನ್ಯ ಗಡಿಗೆ ಹೋಯಿತು. 2002ರ ಅಕ್ಟೋಬರ್‌ವರೆಗೆ ಅಲ್ಲೇ ಕೂತಿತ್ತು. ಯುದ್ಧ ಆಗಲಿಲ್ಲ. "ಏನೂ ಆಗಲಿಲ್ಲವಲ್ಲ ಬಿಡಿ" ಅನ್ನುತ್ತಾರೆ ಜನ.

ಸ್ಯಾಪರ್‌ಗಳಿಗೆ ಆಗಿತ್ತು. ಗಡಿಯುದ್ದಕ್ಕೂ ಮೈನ್ ಹಾಕಿದವರು ನಾವು, ಆಮೇಲೆ ತೆಗೆದವರೂ ನಾವು. ನಾನು ಇದ್ದದ್ದು ರಾಜಸ್ಥಾನದಲ್ಲಿ. ಹಾಕುವಾಗ ಪ್ರತಿ ಸಾಲನ್ನೂ ಅಳೆದು ನಕ್ಷೆಯಲ್ಲಿ ಬರೆದಿಟ್ಟಿರುತ್ತೇವೆ. ಆದರೆ ಮರಳಿಗೆ ನಕ್ಷೆ ಓದಲು ಬರುವುದಿಲ್ಲ. ಗಾಳಿ ಬೀಸಿದರೆ ದಿಣ್ಣೆ ಆ ಕಡೆಯಿಂದ ಈ ಕಡೆಗೆ ಬಂದು ಕೂರುತ್ತದೆ. ಒಂದು ಗೇಣು ಆಳದಲ್ಲಿದ್ದದ್ದು ಮೂರಡಿ ಕೆಳಗೆ ಹೋಗಿರುತ್ತದೆ, ಇಲ್ಲವೇ ಮೇಲೇ ಬಂದಿರುತ್ತದೆ. ಪ್ಲಾಸ್ಟಿಕ್ ಮೈನುಗಳಾದರೆ ಡಿಟೆಕ್ಟರ್‌ಗೆ ಸರಿಯಾಗಿ ಸಿಗುವುದಿಲ್ಲ. ಹೊಟ್ಟೆ ಮೇಲೆ ಮಲಗಿ ಪ್ರಾಡರ್ ಅನ್ನುವ ಸಲಾಕೆಯಿಂದ ಮೆಲ್ಲಗೆ ಓರೆಯಾಗಿ ಚುಚ್ಚಿ ನೋಡಬೇಕು. ಓರೆಯಾಗಿಯೇ ಯಾಕೆಂದರೆ ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿಗೇ ತಾಗುತ್ತದೆ. ತಂತಿಯ ಆಚೆ ಆ ಜಮೀನಿನ ರೈತ ನಿಂತಿರುತ್ತಿದ್ದ. "ಕಬ್ ಹೋಗಾ ಸಾಬ್?" ಯಾವಾಗ ಉಳಬಹುದು ಅಂತ. ಮಂಡ್ಯ ಜಿಲ್ಲೆಯ ರೈತನ ಮಗ ನಾನು, ಅವನ ಹೊಲದಲ್ಲಿ ಮೈನ್ ಬಿತ್ತಿದವನೂ ನಾನೇ. ಅವನ ಮುಖ ನೋಡಿ ಉತ್ತರ ಕೊಟ್ಟ ನೆನಪಿಲ್ಲ.

(ಅಂದಹಾಗೆ, ಮುಳ್ಳುತಂತಿ ಮತ್ತು ಮೈನುಗಳ ನಡುವೆ ಸಿಡಿಸಿ ದಾರಿ ಮಾಡುವ ಒಂದು ಉದ್ದನೆಯ ಕೊಳವೆ ಇದೆ. ಪ್ರಪಂಚದ ಹಲವು ಸೈನ್ಯಗಳಲ್ಲಿ ಅದಕ್ಕೆ 'ಬ್ಯಾಂಗಲೋರ್ ಟಾರ್ಪೆಡೋ' ಅಂತಲೇ ಹೆಸರು. 1912ರಲ್ಲಿ ನಮ್ಮ ಈ ಊರಿನಲ್ಲೇ ಕ್ಯಾಪ್ಟನ್ ಮೆಕ್ಲಿಂಟಾಕ್ ಅನ್ನುವ ಸ್ಯಾಪರ್ ಆಫೀಸರ್ ಮಾಡಿದ್ದು. 2014ರಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲೂ ಬೆಂಗಳೂರು ಆಯಿತು, ಕೊಳವೆ ಇನ್ನೂ ಬ್ಯಾಂಗಲೋರೇ.)

ರಾಜಸ್ಥಾನದಲ್ಲಿ ಒಂದು ಬೆಳಗ್ಗೆ ನಡೆದದ್ದು ನಮ್ಮ ನಾಲ್ವರಲ್ಲಿ ಇಬ್ಬರಿಗೆ ಗೊತ್ತು, ನನಗೆ ಮತ್ತು ಕೋಲಾರದವನಿಗೆ. ಮಾತು ಆ ಕಡೆಗೆ ಹೊರಳಿದರೆ ಅವನು ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾನೆ. "ಅಮ್ಮಾ, ಇನ್ನೊಂದು ಚೂರು ಕಾಫಿ ಸಿಗುತ್ತಾ?" ಇವಳು ಕೊಡುತ್ತಾಳೆ. ಅವನು ವಾಪಸ್ ಬಂದು ಕೂರುವಷ್ಟರಲ್ಲಿ ನಾನು ಅರುಣಾಚಲದ ಹೊಳೆ ದಡಕ್ಕೆ ಬಂದು ನಿಂತಿರುತ್ತೇನೆ. "ಲೇ, ನೀನು ಕೈ ಬಿಡದೆ ಇದ್ದಿದ್ದರೆ ನನ್ನ ಬೆರಳು ಇರ್ತಿತ್ತು ಕಣೋ." ಅವನಿಗೆ ಸಿಟ್ಟು ಬರುತ್ತದೆ. ಜಗಳ ಶುರು. ಇಬ್ಬರಿಗೂ ಆರಾಮ.

ಹೋದ ತಿಂಗಳು ಹಾಗೇ ಆಯಿತು. ಕಾಫಿ ಆಯಿತು, ಬೆರಳು ಆಯಿತು, ದಿಮ್ಮಿ ಆಯಿತು. ಇವಳು ಅವರೆಕಾಳು ಉಪ್ಪಿಟ್ಟಿನ ಪಾತ್ರೆ ತಂದು ಬಡಿಸುತ್ತಿದ್ದಳು. ಗದಗದವನು ಏನೋ ಜ್ಞಾಪಿಸಿಕೊಂಡು, "ಆಮ್ಯಾಲ ನಿನ್ನ ಕಾಗದ ನಾನ ಬರದೆ ಅಲ್ಲೋ, ಬಲಗೈಗೆ ಪಟ್ಟಿ ಕಟ್ಟಿದ್ರಲ್ಲ" ಅಂದ. ಇದನ್ನು ಅವನು ಮೊದಲು ಯಾವತ್ತೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತ ಅವನಿಗೂ ಅನ್ನಿಸಿರಲಿಲ್ಲ, ನನಗೂ ಮರೆತೇ ಹೋಗಿತ್ತು.

ಇವಳ ಸೌಟು ನಿಂತಿತು.

"ಆ ಕಾಗದ ನೀವಾ ಬರೆದಿದ್ದು?"

ಮದುವೆಯಾಗಿ ಒಂದು ವರ್ಷ ಆಗಿತ್ತು. ಇವಳು ಮದ್ದೂರಿನ ಹತ್ತಿರ ನಮ್ಮೂರಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು. 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿಯ ಮುದ್ರೆಯ ಇನ್‌ಲ್ಯಾಂಡ್ ಪತ್ರ ಬಂದರೆ ಅಮ್ಮ ಜಗಲಿ ಮೇಲೆ ಕೂತು ಇವಳ ಕೈಲಿ ಗಟ್ಟಿಯಾಗಿ ಓದಿಸುತ್ತಿದ್ದಳು. ಆ ಪತ್ರದಲ್ಲಿ ಹೀಗಿತ್ತಂತೆ. ಇವಳಿಗೆ ಇನ್ನೂ ಬಾಯಿಪಾಠ. "ನಾ ಇಲ್ಲೆ ಆರಾಮ ಅದೀನಿ. ನೀ ಏನೂ ಚಿಂತಿ ಮಾಡಬ್ಯಾಡ. ಅವ್ವಗ ನಮಸ್ಕಾರ ಹೇಳು." ಮದ್ದೂರಿನ ಗಂಡಸು ಯಾವನಾದರೂ ಹೆಂಡತಿಗೆ ಹೀಗೆ ಬರೆಯುತ್ತಾನಾ? ಎರಡನೇ ಪದಕ್ಕೇ ಇವಳ ಕೈ ನಡುಗಿತಂತೆ. ಇವರು ಬರೆದಿದ್ದಲ್ಲ, ಯಾರೋ ಬರೆದಿದ್ದಾರೆ, ಅಂದರೆ ಕೈಯೇ ಇಲ್ಲ, ಇಲ್ಲಾಂದ್ರೆ ಮನುಷ್ಯನೇ ಇಲ್ಲ. ಅಮ್ಮ ಎದುರಿಗೇ ಕೂತಿದ್ದಾಳೆ. ಇವಳು ಓದುತ್ತಾ ಓದುತ್ತಾ ಅಲ್ಲಲ್ಲೇ ನಮ್ಮ ಕಡೆಯ ಮಾತಿಗೆ ತಿರುಗಿಸಿಕೊಂಡಳಂತೆ. "ನಾನಿಲ್ಲಿ ಚೆನ್ನಾಗಿದ್ದೀನಿ. ನೀನೇನೂ ಯೋಚ್ನೆ ಮಾಡ್ಬೇಡ." ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ಐದು ವಾರ ಆದ ಮೇಲೆ ನನ್ನ ಸೊಟ್ಟಂಬಟ್ಟ ಅಕ್ಷರದ ಪತ್ರ ಬಂತು. ಅಲ್ಲಿಯವರೆಗೆ ಇವಳು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಆಮೇಲೂ ಬಿಟ್ಟಿಲ್ಲ. ಮೂವತ್ತು ವರ್ಷ.

ನಾಲ್ವರೂ ಸುಮ್ಮನೆ ಕೂತಿದ್ದೆವು. ಗದಗದವನು ತಲೆ ಕೆರೆದುಕೊಂಡ. "ನಾ ಭಾಳ ಛಲೋ ಬರದೀನಿ ಅನ್ಕೊಂಡಿದ್ದೆ ನೋಡ್ರಿ ಅಕ್ಕಾರ."

ಇವಳು ಅವನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು. ಪಾತ್ರೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ನಮ್ಮ ಜೊತೆ ಕೂತಳು.

"ಸರಿ, ಈಗ ಹೇಳಿ. ಆ ಪ್ಯಾನೆಲ್ ಮೊದಲು ಬಿಟ್ಟಿದ್ದು ಯಾರು?"

ನಾಲ್ವರೂ ಒಟ್ಟಿಗೇ ಬಾಯಿ ತೆಗೆದೆವು.