ಹುಂಜವೋ, ಉಷ್ಟ್ರಪಕ್ಷಿಯೋ

ಜರ್ಮನಿಯ ಫ್ರಾಂಕ್‌ಫರ್ಟಿನ ಗಾಜಿನ ಗೋಪುರಗಳು ನನಗೆ ರುಚಿಸಲಿಲ್ಲ. ಆಲೂಗಡ್ಡೆಯ ಜೊತೆ ಕೊಡುವ ಹಸಿರು ಸಾಸ್ ಚೆನ್ನಾಗಿತ್ತು. ಊರವರು ಹೊಗಳುವ ಸೇಬಿನ ವೈನ್ ಬರೀ ಹುಳಿ. ಬರೆಯಲು ಕೂತದ್ದು ಬಟ್ಟೋನ್ ರಸ್ತೆಯ ಹಳೆಯ ಯಹೂದಿ ಸ್ಮಶಾನದ ಸಲುವಾಗಿ.

ಅಲ್ಲಿಗೆ ಸೋಮವಾರ ಹೋಗಬೇಡಿ. ಬೀಗದ ಕೈ ಸಿಗುವುದು ಪಕ್ಕದ ಯೂದೆನ್‌ಗಾಸ್ಸೆ ಮ್ಯೂಸಿಯಂನಲ್ಲಿ, ಗುರುತಿನ ಚೀಟಿ ಒಪ್ಪಿಸಿದರೆ. ಸೋಮವಾರ ಅದಕ್ಕೆ ರಜೆ. ಇಷ್ಟೂ ಗೊತ್ತಿದ್ದು ನನಗೆ ಸೋಮವಾರದ ಟಿಕೆಟ್ ಮಾರಿ, ಮುಚ್ಚಿದ ಗೇಟು ತೋರಿಸಿ ಕಳಿಸಿದ ಪುಣ್ಯಾತ್ಮ ಏಜೆಂಟನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಮರುದಿನ ಒಳಗೆ ಹೋದಾಗ ಬ್ಯೂನಸ್ ಐರಿಸ್‌ನಿಂದ ಬಂದ ಅಜ್ಜಿಯೊಬ್ಬರು ಸವೆದ ಕಲ್ಲೊಂದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. "ನಿಮ್ಮ ಕಣ್ಣು ಚುರುಕಾಗಿದೆಯೇ? ಇದು ಹುಂಜವೋ, ಉಷ್ಟ್ರಪಕ್ಷಿಯೋ ಹೇಳಿ" ಎಂದರು. ಹುಂಜವಾದರೆ ಅವರ ಪೂರ್ವಜ ಇರಬಹುದಂತೆ. ಉಷ್ಟ್ರಪಕ್ಷಿಯಾದರೆ ಬೇರೆ ಮನೆತನ.

1462ರಲ್ಲಿ ಊರಿನ ಯಹೂದಿಗಳನ್ನೆಲ್ಲ ಒಂದೇ ಇಕ್ಕಟ್ಟಿನ ಬೀದಿಗೆ ದೂಡಿದರು. ಮನೆಗಳಿಗೆ ಸಂಖ್ಯೆಯ ಬದಲು ಹುಂಜ, ಹಡಗು, ಕೆಂಪು ಗುರಾಣಿಯಂಥ ಗುರುತುಗಳಿದ್ದವು. ಅವೇ ಮನೆಯವರ ಅಡ್ಡಹೆಸರಾದವು, ಗೋರಿಯ ಮೇಲೂ ಕೆತ್ತಿಸಿಕೊಂಡವು. ಅಣ್ಣ ತಮ್ಮ ಎರಡು ಮನೆಯಲ್ಲಿದ್ದರೆ ಎರಡು ಅಡ್ಡಹೆಸರು. ಸಂಬಂಧವೇ ಇಲ್ಲದವರು ಒಂದೇ ಮನೆಯಲ್ಲಿದ್ದರೆ ಒಂದೇ ಹೆಸರು. ಮುಂದೆ ಬ್ಯಾಂಕಿನಿಂದ ಹೆಸರಾದ ರೋಥ್‌ಶೀಲ್ಡರು (ಹೆಸರಿನ ಅರ್ಥವೇ ಕೆಂಪು ಗುರಾಣಿ) ಆ ಮನೆ ಬಿಟ್ಟ ಮೇಲೂ ಅದರ ಹೆಸರನ್ನು ಬಿಡಲಿಲ್ಲ. 1637ರಲ್ಲಿ ತೀರಿಕೊಂಡ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಯೋಸೆಫ್ ಯುಸ್ಪಾ ಅವರಿಗೆ ನೋರ್ಡ್ಲಿಂಗನ್ ಎಂಬುದು ಊರಿನಿಂದ, ಹಾನ್ ಅಂದರೆ ಹುಂಜ ಎಂಬುದು ಮನೆಯಿಂದ ಬಂದ ಹೆಸರು.

"ಸಾಲದ್ದಕ್ಕೆ ಸತ್ತ ತಾತನ ಹೆಸರೇ ಮೊಮ್ಮಗನಿಗೆ" ಎಂದು ಅಜ್ಜಿ ನಕ್ಕರು. ಯೋಸೆಫನ ಮಗ ಮೋಶೆ, ಮೋಶೆಯ ಮಗ ಯೋಸೆಫ. ಇಸವಿ ಅಳಿಸಿದ್ದರೆ ಯಾರು ತಾತ, ಯಾರು ಮೊಮ್ಮಗ? 1614ರ ಲೂಟಿಯಲ್ಲಿ ಇಲ್ಲಿನ ಯಹೂದಿಗಳನ್ನು ಊರಿನಿಂದಲೇ ಓಡಿಸಿದ್ದರು. 1616ರಲ್ಲಿ ವಾಪಸು ಕರೆಸಿದಾಗ 500 ಕುಟುಂಬಗಳ ಮಿತಿ, ವರ್ಷಕ್ಕೆ 12 ಮದುವೆಗಳ ಮಿತಿ ಹಾಕಿದರು. ಇಲ್ಲಿ ಮದುವೆಯಾಗಲಾರದ ಹುಡುಗ ಬೇರೆ ಊರಿಗೆ ಹೋದರೆ ಅಲ್ಲಿನವರಿಗೆ ಅವನು ಬರೀ 'ಫ್ರಾಂಕ್‌ಫರ್ಟಿನವನು'. ವಂಶದ ಎಳೆ ಅಲ್ಲಿಗೇ ಕಡಿಯಿತು. ಅದರ ಮೇಲೆ 1711ರ ಬೆಂಕಿ ಬೀದಿಯನ್ನೇ ನುಂಗಿತು. ಉಳಿದ ಗೋರಿಕಲ್ಲುಗಳಲ್ಲಿ ಬಹುಪಾಲನ್ನು ನಾಜಿಗಳು ಒಡೆದರು.

"ಹಾಗಿದ್ದರೆ ಇವರು ನಿಮ್ಮವರೆಂದು ಹೇಗೆ ನಂಬುತ್ತೀರಿ?" ಎಂದು ಕೇಳಿದೆ.

"ನಂಬುವುದಿಲ್ಲ" ಎಂದು ಅಜ್ಜಿ ವಂಶವೃಕ್ಷದ ಹಾಳೆ ಬಿಚ್ಚಿದರು. ದಾಖಲೆ ಸಿಕ್ಕವರು ಶಾಯಿಯಲ್ಲಿ, ಉಳಿದವರೆಲ್ಲ ಪೆನ್ಸಿಲಿನಲ್ಲಿ. "ನನ್ನ ತಮ್ಮ ದುಡ್ಡು ಕೊಟ್ಟು ದಾವೀದ ರಾಜನವರೆಗೂ ಬಣ್ಣದ ಮರ ಬರೆಸಿಕೊಂಡಿದ್ದಾನೆ. ಗೋಡೆಗೆ ಚೆನ್ನಾಗಿದೆ."

ಹಕ್ಕಿಯ ಬಾಲ ಮುರಿದಿತ್ತು. ಮೇಲ್ಗಡೆ ಪಾಚಿ ಉಜ್ಜಿದಾಗ ಆಶೀರ್ವದಿಸುವ ಎರಡು ಕೈಗಳು ಕಂಡವು. ಅದು ಪುರೋಹಿತ ಕೋಹೆನರ ಗುರುತು. ಅಜ್ಜಿಯ ತಂದೆಯ ಕಡೆಯವರು ಲೇವಿಗಳು, ಅಂದರೆ ದೇವಾಲಯದಲ್ಲಿ ಪುರೋಹಿತರಿಗೆ ನೆರವಾಗುತ್ತಿದ್ದ ಕುಲದವರು. ಅವರ ಗೋರಿಯಾದರೆ ಹೂಜಿ ಇರಬೇಕಿತ್ತು. ತಂದೆಯಿಂದ ಮಗನಿಗೆ ಬರುವ ಈ ಗುರುತು ಮನೆ ಬದಲಿಸಿದರೂ ಬದಲಾಗುವುದಿಲ್ಲ.

"ಹುಂಜವೇ ಆಗಿದ್ದರೂ ನಮ್ಮವನಲ್ಲ ಬಿಡಿ" ಎಂದವರೇ ರಬ್ಬರ್ ತೆಗೆದು ಒಂದು ಹೆಸರನ್ನು ಅಳಿಸಿದರು. ನನ್ನನ್ನು ಮುಂದಿನ ಕಲ್ಲಿಗೆ ಕರೆದರು.