ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹತ್ತು ರೂಪಾಯಿಯ ರೈಲು

ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ವೈಟ್‌ಫೀಲ್ಡ್‌ಗೆ ರೈಲುದಾರಿ ಸುಮಾರು 24 ಕಿಲೋಮೀಟರ್. ಮೆಮುವಿನಲ್ಲಿ, ಅಂದರೆ ಹತ್ತಿರದ ಊರುಗಳಿಗೆ ಓಡುವ ವಿದ್ಯುತ್ ರೈಲಿನಲ್ಲಿ, ಟಿಕೆಟ್ 10 ರೂಪಾಯಿ, ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಾದರೆ 30. ಹೊಸಬರು ಎಡವುವುದೇ ಇಲ್ಲಿ. ಹತ್ತು ರೂಪಾಯಿಯ ಟಿಕೆಟ್ ಹಿಡಿದು, ಮೊದಲು ಬಂದ ಎಕ್ಸ್‌ಪ್ರೆಸ್ ಹತ್ತಿಬಿಡುತ್ತಾರೆ. ಸಿಕ್ಕಿಬಿದ್ದರೆ ದಂಡವೇ ಕನಿಷ್ಠ 250, ದರದ ವ್ಯತ್ಯಾಸ ಬೇರೆ.

ಇದರಿಂದ ಪಾರಾಗಲು ರೈಲಿನ ಐದಂಕಿಯ ಸಂಖ್ಯೆ ನೋಡಿದರೆ ಸಾಕು. 6ರಿಂದ ಶುರುವಾದರೆ ಮೆಮು, 5ರಿಂದಾದರೆ ಪ್ಯಾಸೆಂಜರ್. ಎರಡಕ್ಕೂ ಹತ್ತು ರೂಪಾಯಿಯ ಆರ್ಡಿನರಿ ಟಿಕೆಟ್ ನಡೆಯುತ್ತದೆ. 1 ಅಥವಾ 2ರಿಂದ ಶುರುವಾಗುವುದು ಎಕ್ಸ್‌ಪ್ರೆಸ್. ಅದರಲ್ಲೂ 12, 20, 22 ಎಂದಿದ್ದರೆ ಸೂಪರ್‌ಫಾಸ್ಟ್, ಇನ್ನೂ 15 ರೂಪಾಯಿ ಹೆಚ್ಚು. ಹಲವು ಎಕ್ಸ್‌ಪ್ರೆಸ್‌ಗಳು ಕೆ.ಆರ್. ಪುರದಲ್ಲಿ ನಿಲ್ಲುತ್ತವೆ, ವೈಟ್‌ಫೀಲ್ಡ್‌ನಲ್ಲಿ ನಿಲ್ಲುವುದಿಲ್ಲ. ನಿಲುಗಡೆ ನೋಡಿಕೊಂಡೇ ಹತ್ತಿ.

ಮೊಬೈಲ್‌ನಲ್ಲಿ ಟಿಕೆಟ್ ತೆಗೆಯುವವರು ರೈಲಿನ ವಿಧ ಆರಿಸುವ ಕಡೆ ಆರ್ಡಿನರಿ ಇದೆಯೋ ಎಕ್ಸ್‌ಪ್ರೆಸ್ ಇದೆಯೋ ಕಣ್ಣಿಟ್ಟು ನೋಡಬೇಕು; ಕಾಗದರಹಿತ ಟಿಕೆಟನ್ನು ರದ್ದು ಮಾಡಲು ಬರುವುದಿಲ್ಲ. ನಿಲ್ದಾಣದ ಒಳಗೆ ಹೋದಮೇಲೆ ಆ್ಯಪ್‌ನಲ್ಲಿ ಟಿಕೆಟ್ ತೆಗೆಯದಂತೆ ಜಿಪಿಎಸ್ ತಡೆಯುತ್ತದೆ. ಆಗ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತೆಗೆಯಬೇಕು, ಇಲ್ಲವೇ ಕೌಂಟರ್ ಸಾಲಿಗೆ ನಿಲ್ಲಬೇಕು. ಹಾಗಾಗಿ ಬಸ್ಸಿನಲ್ಲೋ ಮೆಟ್ರೋದಲ್ಲೋ ಬರುತ್ತಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ಮೂರು ಗಂಟೆಯೊಳಗೆ ರೈಲು ಹತ್ತಬೇಕೆಂಬುದು ನೆನಪಿರಲಿ. ತಪಾಸಣೆಗೆ ಬಂದವರಿಗೆ ಆ್ಯಪ್ ತೆರೆದೇ ತೋರಿಸಿ, ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ. ದಿನಾ ಓಡಾಡುವವರಿಗೆ ತಿಂಗಳ ಸೀಸನ್ ಪಾಸ್ ಬಿಟ್ಟರೆ ಬೇರೆ ಯೋಚನೆಯೇ ಬೇಡ.

ಫಲಕದಲ್ಲಿ ವೈಟ್‌ಫೀಲ್ಡ್ ಎಂಬ ಹೆಸರನ್ನೇ ಹುಡುಕುತ್ತ ನಿಂತರೆ ರೈಲು ಕಣ್ಣೆದುರೇ ಹೋಗಿಬಿಡುತ್ತದೆ. ಮಾರಿಕುಪ್ಪಂ, ಬಂಗಾರಪೇಟೆ, ಜೋಲಾರಪೇಟೆ ಎಂದಿರುವ ಗಾಡಿಗಳೆಲ್ಲ ಆ ದಾರಿಯವೇ. ಹೊಸೂರಿನದು ಮಾತ್ರ ಹತ್ತಬೇಡಿ. ಅದೂ ಕಂಟೋನ್ಮೆಂಟ್ ಕಡೆಯಿಂದಲೇ ಹೋಗಿ, ಬೈಯಪ್ಪನಹಳ್ಳಿ ದಾಟಿದ ಮೇಲೆ ಬೆಳ್ಳಂದೂರು, ಕಾರ್ಮೆಲರಾಂ ಕಡೆಗೆ ತಿರುಗಿಬಿಡುತ್ತದೆ. ಹೆಸರಿನ ಗೊಂದಲ ಇನ್ನೂ ಎರಡಿವೆ. ಬೈಯಪ್ಪನಹಳ್ಳಿ ನಿಲ್ದಾಣ ಬೇರೆ, 2022ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಬೇರೆ. ಚನ್ನಸಂದ್ರ ರೈಲು ನಿಲ್ದಾಣಕ್ಕೂ ಹೋಪ್‌ಫಾರಂ ಚನ್ನಸಂದ್ರ ಮೆಟ್ರೋಗೂ ಸಂಬಂಧವೇ ಇಲ್ಲ.

ಎಂಟು ಬೋಗಿಯ ಮೆಮು ಬಂದರೆ ಅದು ಪ್ಲಾಟ್‌ಫಾರಂನ ಅರ್ಧವನ್ನೂ ತುಂಬುವುದಿಲ್ಲ. ತುದಿಯಲ್ಲಿ ನಿಂತವರು ಬ್ಯಾಗು ಹೊತ್ತು ಓಡಬೇಕಾಗುತ್ತದೆ, ಮಧ್ಯದಲ್ಲಿ ನಿಲ್ಲಿ. ಬಾಗಿಲು ಅಗಲವಾಗಿರುತ್ತದೆ, ಆದರೆ ಇಳಿಯುವವರೂ ಹತ್ತುವವರೂ ಒಟ್ಟಿಗೆ ನುಗ್ಗಿದರೆ ಎಷ್ಟು ಅಗಲವಿದ್ದರೂ ಸಾಲದು. ಹತ್ತಿದ ಮೇಲೆ ಬಾಗಿಲಲ್ಲೇ ನಿಲ್ಲದೆ ಸೀಟುಗಳ ನಡುವಿನ ಓಣಿಗೆ ಸರಿದುಕೊಳ್ಳಿ, ಹಿಂದಿನವರಿಗೂ ಜಾಗವಾಗುತ್ತದೆ.

ವೇಳಾಪಟ್ಟಿಯ ಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್‌ಗಳೂ ಇದೇ ಹಳಿಯಲ್ಲಿ ಓಡುವುದರಿಂದ ಅವಕ್ಕೆ ದಾರಿ ಬಿಡಲು ಮೆಮುವನ್ನು ಸಿಗ್ನಲ್‌ನಲ್ಲಿ ನಿಲ್ಲಿಸುತ್ತಾರೆ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಹಾಕುವ ಯೋಜನೆ ಬಂದಿರುವುದೇ ಈ ಒತ್ತಡಕ್ಕೆ. ಭಾನುವಾರ ಓಡದ ಮೆಮುಗಳೂ ಇವೆ, ಹೊರಡುವ ಮುನ್ನ ರೈಲು ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ನೋಡಿ.

ಎಲ್ಲಿ ಇಳಿಯಬೇಕೆಂಬುದು ನಿಮ್ಮ ಆಫೀಸಿನ ಮೇಲೆ. ವೈಟ್‌ಫೀಲ್ಡ್ ನಿಲ್ದಾಣ ಇರುವುದು ಕಾಡುಗೋಡಿಯಲ್ಲಿ, ಐಟಿಪಿಎಲ್ ಟೆಕ್ ಪಾರ್ಕ್ ಪಕ್ಕದಲ್ಲಲ್ಲ. ಹೊರಬಂದರೆ ಹತ್ತಿರದಲ್ಲೇ ನೇರಳೆ ಮಾರ್ಗದ ಕೊನೆಯ ಮೆಟ್ರೋ ನಿಲ್ದಾಣ. ಅಲ್ಲಿಂದ ಮೂರನೆಯದು ಪಟ್ಟಂದೂರು ಅಗ್ರಹಾರ, ಐಟಿಪಿಎಲ್‌ಗೆ ಅದೇ. ಮಹದೇವಪುರ, ಗರುಡಾಚಾರಪಾಳ್ಯದ ಕಡೆಯವರು ಕಾಡುಗೋಡಿಯವರೆಗೆ ಹೋಗಿ ಹಿಂದೆ ಬರುವುದು ದಂಡ, ಕೆ.ಆರ್. ಪುರದಲ್ಲೇ ಇಳಿದು ತೂಗುಸೇತುವೆ ಪಕ್ಕದ ಮೆಟ್ರೋ ಹತ್ತಿ. ಸಂಜೆ ವಾಪಸಾಗುವಾಗ ಮೆಮು ತಡವೆಂದು ಗೊತ್ತಾದರೂ ಇದೇ ಮೆಟ್ರೋ ನೇರ ಮೆಜೆಸ್ಟಿಕ್‌ಗೆ ಮುಟ್ಟಿಸುತ್ತದೆ, ದರ ಮಾತ್ರ ಹಲವು ಪಟ್ಟು.